ಮೊದಲ ಡೋಸಿನ ರಾತ್ರಿ

(ಶಿರಸಿಯಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ಉಪಕೇಂದ್ರಗಳ ಸಿಬ್ಬಂದಿಯ ಎದುರು ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಯಾವ ತಿಂಗಳಿಗೆ ಯಾವ ಲಸಿಕೆ ಎಂದು ನಿಮಗೆ ಪಾಠ ಹೇಳಲು ನಾನು ಬಂದಿಲ್ಲ. ಅದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನೀವು ಹೇಳಬಲ್ಲಿರಿ. ಮಕ್ಕಳ ವೈದ್ಯನಾಗಿ ನಾನು ನೋಡುವುದು ಆಸ್ಪತ್ರೆಯವರೆಗೆ ಬಂದ ಮಕ್ಕಳನ್ನು. ಬಾರದ ಮಕ್ಕಳ ಮನೆ ಎಲ್ಲಿದೆ, ಅಲ್ಲಿಗೆ ಹೋಗಲು ಎಷ್ಟು ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಬೇಕು ಎಂಬುದು ಗೊತ್ತಿರುವುದು ನಿಮಗೆ. ಹಾಗಾಗಿ ಲಸಿಕೆಯನ್ನು ಪಕ್ಕಕ್ಕಿಟ್ಟು, ಅದರ ಸುತ್ತ ನಾವು ಮನೆಯವರೊಡನೆ ಆಡುವ ಮಾತಿನ ವಿಷಯವನ್ನೇ ಇವತ್ತು ಎತ್ತಿಕೊಂಡಿದ್ದೇನೆ.

ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬೇಗ ಬಸ್ಸು ಹಿಡಿಯಬೇಕಾದವರೂ ಇಲ್ಲಿದ್ದಾರೆ. ಮಗುವಿಗೆ ಎರಡನೆಯ ಡೋಸ್ ಬೀಳುತ್ತದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಮೊದಲ ಡೋಸ್ ಹಾಕಿಸಿಕೊಂಡು ಬಂದ ದಿನದ ರಾತ್ರಿ. ಲಸಿಕೆಯೇ ಬೇಡವೆಂದು ಬಾಗಿಲು ಮುಚ್ಚುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆ ಎಂಬುದು ನನ್ನ ಅನುಭವ. ಒಂದೂವರೆ ತಿಂಗಳಿಗೆ ಬಂದವರು ಎರಡೂವರೆ ತಿಂಗಳಿಗೆ ಬರುವುದಿಲ್ಲ, ಅದು ನಮ್ಮ ತೊಂದರೆ. ನಡುವೆ ಏನಾಯಿತು? ರಾತ್ರಿ ಒಂಬತ್ತರ ಹೊತ್ತಿಗೆ ಮಗುವಿನ ಮೈ ಬಿಸಿಯಾಯಿತು. ತೊಡೆ ಗಟ್ಟಿಯಾಗಿ ಕೆಂಪಾಯಿತು. ಹಾಲು ಬಿಟ್ಟು ಅತ್ತಿತು. ಅಜ್ಜಿ ಎತ್ತಿಕೊಂಡು ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಜಗಲಿಗೆ ತಿರುಗಿದರು. "ಚೆನ್ನಾಗಿದ್ದ ಕೂಸನ್ನು ಕರೆದುಕೊಂಡು ಹೋಗಿ ಹೀಗೆ ಮಾಡಿಕೊಂಡು ಬಂದಿರಿ" ಎಂದು ಯಾರೋ ಒಬ್ಬರು ಅಂದರು. ಆ ಹೊತ್ತಿನಲ್ಲಿ ನೀವೂ ಅಲ್ಲಿರುವುದಿಲ್ಲ, ನಾನೂ ಇರುವುದಿಲ್ಲ. ಹಗಲು ನಾವು ಆಡಿದ ಮಾತು ಆ ತಾಯಿಗೆ ಅಷ್ಟು ಹೊತ್ತಿಗೆ ಉಪಯೋಗಕ್ಕೆ ಬರಬೇಕು.

ಆ ತಾಯಿ ಯಾರ ಮನೆಯಲ್ಲಿದ್ದಾಳೆ ಎಂಬುದನ್ನೂ ನೋಡಿ. ಆರು, ಹತ್ತು, ಹದಿನಾಲ್ಕು ವಾರಗಳ ಲಸಿಕೆಗಳು ಬಹುಪಾಲು ಬಾಣಂತನದ ಕಾಲಕ್ಕೇ ಬೀಳುತ್ತವೆ. ಕುಮಟಾದ ಸೊಸೆ ಶಿರಸಿಯ ತವರಿನಲ್ಲಿರುತ್ತಾಳೆ. ತಾಯಿ ಕಾರ್ಡ್ ಮಾಡಿಸಿದ್ದು ಅಲ್ಲಿ, ಮಗು ಇರುವುದು ಇಲ್ಲಿ. ಅಲ್ಲಿನ ಆಶಾ ಪಟ್ಟಿಯಲ್ಲಿ ಹೆಸರಿದೆ, ಮಗು ಇಲ್ಲ. ಇಲ್ಲಿನ ಆಶಾ ಕಣ್ಣ ಮುಂದೆ ಮಗುವಿದೆ, ಹೆಸರಿಲ್ಲ. ಲಸಿಕೆಯ ದಾಖಲೆ ಇಡುವ ಯು-ವಿನ್ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ದಾಖಲೆ ಹುಡುಕುವುದು ಸುಲಭವಾಗಿರಬಹುದು, ಆದರೆ ಬಾಣಂತಿಯ ಬಳಿ ಕುಳಿತು ಮಾತನಾಡುವ ಕೆಲಸ ಯಾರದೆಂದು ಯಾವ ಮೊಬೈಲೂ ಹೇಳುವುದಿಲ್ಲ. ಹಲವು ಮನೆಗಳಲ್ಲಿ ನಲವತ್ತು ದಿನ ಬಾಣಂತಿಯನ್ನೂ ಮಗುವನ್ನೂ ಹೊರಗೆ ಕಳುಹಿಸುವುದಿಲ್ಲ. ಆರು ವಾರವೆಂದರೆ ನಲವತ್ತೆರಡು ದಿನ. ಅಂದರೆ ಆ ಪದ್ಧತಿಯೊಡನೆ ನಮಗೆ ಜಗಳವೇ ಇಲ್ಲ. ನಮ್ಮ ಲಸಿಕೆಯ ದಿನ ಗುರುವಾರ. "ನಲವತ್ತು ಮುಗಿದ ಮೇಲೆ ಬರುವ ಗುರುವಾರ" ಎಂದರೆ ಅಜ್ಜಿಯೇ ದಿನ ಎಣಿಸಿ ಕಳುಹಿಸುತ್ತಾರೆ. ಹುಟ್ಟಿದ 24 ಗಂಟೆಯೊಳಗೆ ಹಾಕಬೇಕಾದ ಹೆಪಟೈಟಿಸ್ ಬಿ ಲಸಿಕೆಯ ಮಾತನ್ನು ಮಾತ್ರ ಹೆರಿಗೆ ಕೋಣೆಯಲ್ಲಿ ಎತ್ತಬೇಡಿ. ಅದನ್ನು ಏಳನೆಯ ತಿಂಗಳ ತಪಾಸಣೆಯ ದಿನವೇ, ಸಾಧ್ಯವಾದರೆ ಬಾಣಂತನ ಮಾಡುವವರ ಎದುರಿನಲ್ಲೇ, ಆಡಿ ಮುಗಿಸಬೇಕು. ನಮ್ಮ ಕಡೆ ತಾಯಿಯೊಬ್ಬಳಿಗೆ ಹೇಳಿದರೆ ಅರ್ಧ ಮನೆಗೆ ಹೇಳಿದಂತೆ. ಉಳಿದರ್ಧ ಬಚ್ಚಲೊಲೆಗೆ ಬೆಂಕಿ ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಅವರನ್ನು "ಅಮ್ಮಾ, ನೀವೂ ಸ್ವಲ್ಪ ಇಲ್ಲಿ ಬನ್ನಿ" ಎಂದು ಕರೆದು ಕೂರಿಸಿಕೊಳ್ಳಿ.

ಈಗ ಮಾತು ಶುರು ಮಾಡುವುದು ಹೇಗೆ ಎನ್ನುವುದಕ್ಕೆ ಬರೋಣ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಕ್ಕಳ ವೈದ್ಯರು ಮತ್ತು ಪೋಷಕರ ನಡುವಿನ 111 ಭೇಟಿಗಳನ್ನು ವಿಡಿಯೊ ಮಾಡಿ ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. "ಇವತ್ತು ಮಗುವಿಗೆ ಇಂಥ ಲಸಿಕೆಗಳಿವೆ" ಎಂದು ವೈದ್ಯರು ನೇರವಾಗಿ ಶುರು ಮಾಡಿದಾಗ ಆಕ್ಷೇಪ ಎತ್ತಿದ ಪೋಷಕರು ಶೇ 26ರಷ್ಟು. "ಲಸಿಕೆಯ ವಿಷಯ ಏನು ಮಾಡೋಣ ಅನ್ನುತ್ತೀರಿ?" ಎಂದು ಕೇಳಿ ಶುರು ಮಾಡಿದಾಗ ಶೇ 83ರಷ್ಟು. ಮೊದಲು ಬೇಡವೆಂದವರೊಡನೆ ವೈದ್ಯರು ಮಾತು ಮುಂದುವರಿಸಿದಾಗ ಅರ್ಧದಷ್ಟು ಮಂದಿ ಒಪ್ಪಿಕೊಂಡರು ಎಂಬುದೂ ಅದರಲ್ಲೇ ಇದೆ. ನನಗೆ ಹೆಚ್ಚು ಮುಖ್ಯವೆನಿಸಿದ್ದು ಅದೇ.

ಹಾಗೆಂದು ಅದನ್ನು ಎತ್ತಿ ತಂದು ಇಲ್ಲಿ ಇಟ್ಟರೆ ನಡೆಯುವುದಿಲ್ಲ. ಅಲ್ಲಿನವರು ಬೇಡವಾದರೆ ಬೇಡವೆನ್ನುತ್ತಾರೆ. ನಮ್ಮವರು ಮನೆಗೆ ಬಂದವರ ಮುಖಕ್ಕೆ ಹಾಗೆ ಹೇಳುವುದಿಲ್ಲ. ಕೈಕಾಲಿಗೆ ನೀರು, ಆಸರಿಗೆ, ಕವಳದ ತಟ್ಟೆ ಎಲ್ಲ ಕೊಟ್ಟು, ಹೇಳಿದ್ದಕ್ಕೆಲ್ಲ ತಲೆಯಾಡಿಸಿ, "ನೋಡೋಣ, ಬರುತ್ತೇವೆ" ಎಂದು ಕಳುಹಿಸಿಕೊಡುತ್ತಾರೆ. ಗುರುವಾರ ನೀವು ಐಸ್ ಪ್ಯಾಕು ತುಂಬಿದ ಪೆಟ್ಟಿಗೆ ಇಟ್ಟುಕೊಂಡು ಮಧ್ಯಾಹ್ನದವರೆಗೂ ಕಾಯುತ್ತೀರಿ. ನೇರವಾಗಿ ಶುರು ಮಾಡುವುದು ಇಲ್ಲೂ ಸರಿಯೇ: "ಈ ಗುರುವಾರ ಪಾಪುವಿಗೆ ಒಂದೂವರೆ ತಿಂಗಳ ಲಸಿಕೆ ಇದೆ." ಆದರೆ ಅಷ್ಟಕ್ಕೇ ಎದ್ದು ಬಂದರೆ ಅದು ಡಂಗುರ ಸಾರಿದ ಹಾಗಾಯಿತು. ಎರಡನೆಯ ಮಾತು ಪ್ರಶ್ನೆಯಾಗಿರಲಿ. "ಏನಾದರೂ ಅನುಮಾನ ಇದೆಯೇ?" ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ ಇಲ್ಲವೆಂದೇ ಹೇಳುತ್ತಾರೆ. "ಇದರ ಅಣ್ಣನಿಗೆ ಹಾಕಿಸಿದಾಗ ರಾತ್ರಿ ಹೇಗಿತ್ತು?" ಎಂದು ಕೇಳಿ ಸುಮ್ಮನಿರಿ. ಮೊದಲ ಮಗುವಾದರೆ "ಅಕ್ಕಪಕ್ಕದವರು ಏನು ಹೇಳುತ್ತಾರೆ?" ಎಂದು ಕೇಳಿ. ತಮ್ಮ ಭಯವನ್ನು ಹೇಳಿಕೊಳ್ಳಲು ಹಿಂಜರಿಯುವವರು ನೆರೆಮನೆಯವರ ಭಯವನ್ನು ಧಾರಾಳವಾಗಿ ಹೇಳುತ್ತಾರೆ.

ಇನ್ನು ಏನೇನು ಹೇಳಬೇಕು? ಯಾವ ಲಸಿಕೆ ಯಾವ ರೋಗಕ್ಕೆ, ಮುಂದೆ ಯಾವಾಗ ಬರಬೇಕು, ಏನೇನು ಸಣ್ಣ ತೊಂದರೆ ಆಗಬಹುದು, ಕಾರ್ಡ್ ಜೋಪಾನ. ಈ ನಾಲ್ಕು ಮಾತುಗಳನ್ನು ಪ್ರತಿ ತರಬೇತಿಯಲ್ಲೂ ನಿಮಗೆ ಹೇಳಿಕೊಡುತ್ತಾರೆ. ಮೂರನೆಯದನ್ನು ನಾವು ನುಂಗಿಬಿಡುತ್ತೇವೆ. ಜ್ವರದ ಸುದ್ದಿ ಎತ್ತಿದರೆ ಹೆದರಿ ಓಡಿಹೋಗುತ್ತಾರೆ ಎಂಬ ಅಳುಕು. ಆದರೆ ಮೊದಲೇ ಹೇಳಿದ ಜ್ವರಕ್ಕೆ ಮನೆಯವರು ಔಷಧಿ ಕೊಡುತ್ತಾರೆ, ಹೇಳದೆ ಬಂದ ಜ್ವರಕ್ಕೆ ನಿಮ್ಮನ್ನು ಬೈಯುತ್ತಾರೆ.

ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳಿ. ಒಂದೂವರೆ ತಿಂಗಳಿಗೆ ಮೂರು ಚುಚ್ಚು: ಎಡ ತೊಡೆಗೆ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್, ಬಲ ತೊಡೆಗೆ ನ್ಯುಮೋನಿಯಾದ ಪಿಸಿವಿ, ಬಲ ತೋಳಿನ ಚರ್ಮದೊಳಗೆ ಪೋಲಿಯೊದ್ದು. ಜತೆಗೆ ಬಾಯಿಗೆ ಪೋಲಿಯೊ ಹನಿ ಮತ್ತು ವಾಂತಿಭೇದಿ ತಡೆಯುವ ರೋಟಾವೈರಸ್ ಲಸಿಕೆ. ಎರಡೂವರೆ ತಿಂಗಳಿಗೆ ಚುಚ್ಚುವುದು ಒಂದೇ, ಪೆಂಟಾವೇಲೆಂಟ್. ಮೂರೂವರೆಗೆ ಮತ್ತೆ ಮೂರು. "ಮುಂದಿನ ಸಲ ಒಂದೇ ಚುಚ್ಚುವುದು" ಎಂಬ ಮಾತನ್ನು ಮೂರು ಚುಚ್ಚು ಮುಗಿದ ಕೂಡಲೇ, ಮಗು ಅಳುತ್ತಿರುವಾಗಲೇ, ತಾಯಿಯ ಕಿವಿಗೆ ಹಾಕಿ. ಎಷ್ಟೋ ತಾಯಂದಿರು ಪ್ರತಿ ಸಲವೂ ಮೂರೇ ಎಂದುಕೊಂಡು ಹಿಂದೇಟು ಹಾಕುತ್ತಾರೆ.

ಜ್ವರ, ಊತ ಬರುವುದು ಹೆಚ್ಚಾಗಿ ಪೆಂಟಾವೇಲೆಂಟ್‌ನಿಂದ. ಅದರಲ್ಲಿರುವ ನಾಯಿಕೆಮ್ಮಿನ ಅಂಶ ಅದಕ್ಕೆ ಮುಖ್ಯ ಕಾರಣ. ಅದೇ ದಿನ ಶುರುವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಪ್ಯಾರಾಸಿಟಮಾಲ್ ಕೊಡುವಾಗ ಎಷ್ಟು ಎಂಬುದನ್ನು ಮಗುವಿನ ತೂಕ ನೋಡಿ ನಿರ್ಧರಿಸಿ, ತಾಯಿಯ ಕೈಯಲ್ಲೇ ಅಳೆಸಿ ತೋರಿಸಿ, ಚೀಟಿಯಲ್ಲಿ ಬರೆದುಕೊಡಿ. ಇಲ್ಲಿ ಒಂದು ಅಪಾಯವಿದೆ. ಹನಿ ರೂಪದ ಔಷಧದಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ. ದೊಡ್ಡ ಮಗುವಿನ ಸಿರಪ್ಪಿನ ಅಳತೆಯಲ್ಲಿ ಕೂಸಿಗೆ ಹನಿ ಔಷಧ ಕೊಟ್ಟರೆ ಹಲವು ಪಟ್ಟು ಹೆಚ್ಚಾಗುತ್ತದೆ. ಆದ್ದರಿಂದ ಮನೆಯಲ್ಲಿ ಈಗಾಗಲೇ ಯಾವ ಬಾಟಲಿ ಇದೆ ಎಂದು ಕೇಳಿ ನೋಡಿ. ಊದಿದ ಜಾಗಕ್ಕೆ ತಣ್ಣೀರಿನ ಬಟ್ಟೆ ಸಾಕು. ತಿಕ್ಕುವುದು, ಶಾಖ ಕೊಡುವುದು, ಎಣ್ಣೆ ಅರಿಶಿನ ಹಚ್ಚುವುದು ಬೇಡ. ಕ್ಷಯ ತಡೆಯುವ ಬಿಸಿಜಿ ಹಾಕಿದ ಎಡ ತೋಳಿನಲ್ಲಿ ಕೆಲವು ವಾರಗಳ ನಂತರ ಗುಳ್ಳೆ ಎದ್ದು ಒಡೆದು ಕಲೆಯಾಗುವುದು ಸಹಜ ಎಂದು ಮೊದಲೇ ಹೇಳದಿದ್ದರೆ ಅದಕ್ಕೂ ಮುಲಾಮು ಬೀಳುತ್ತದೆ. ಮೂರು ಗಂಟೆ ಮೀರಿ ಬಿಡದೆ ಅಳುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಹಾಲನ್ನೇ ಮುಟ್ಟದಿರುವುದು ಕಂಡರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಲು ಹೇಳಿ. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದೇಕೆಂದೂ ಹೇಳಿಬಿಡಿ. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸುಗಳಲ್ಲಿ ಒಂದರ ಆಸುಪಾಸಿನಲ್ಲಿ ಆಗುವಂಥದ್ದು. ಆದರೂ ಅದಕ್ಕೆಂದೇ ನಿಮ್ಮ ಬಳಿ ಅಡ್ರಿನಲಿನ್ ಇದೆ. ಕಾರಣ ಹೇಳದೆ ಕೂರಿಸಿದರೆ "ಸುಮ್ಮನೆ ಕಾಯಿಸುತ್ತಾರೆ" ಎಂಬ ದೂರು ಬೇರೆ.

ಅಳುವನ್ನು ಕಡಿಮೆ ಮಾಡುವುದೂ ಮಾತಿನ ಭಾಗವೇ. ಚುಚ್ಚುವ ಹೊತ್ತಿಗೆ ಮಗು ಎದೆಹಾಲು ಕುಡಿಯುತ್ತಿದ್ದರೆ ನೋವು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಇದನ್ನು ಹೇಳಿದೆ. ರೋಟಾವೈರಸ್ ಲಸಿಕೆ ಸಿಹಿಯಾಗಿರುವುದರಿಂದ ಅದನ್ನು ಮೊದಲು ಕೊಟ್ಟು ಆಮೇಲೆ ಚುಚ್ಚಬೇಕು. ಅಂಗನವಾಡಿಯ ಒಂದು ಮೂಲೆಗೆ ಸೀರೆಯ ಪರದೆ ಕಟ್ಟಿದರೆ ಹಾಲೂಡಿಸಲು ಜಾಗವಾಯಿತು. ಇಷ್ಟಕ್ಕೆ ಸರ್ಕಾರದ ಆದೇಶ ಕಾಯಬೇಕಾಗಿಲ್ಲ.

ಘಟ್ಟದ ಮೇಲಿನವರಿಗೆ ಬೀಳುವ ಒಂದು ಪ್ರಶ್ನೆ ಬೇರೆ ಜಿಲ್ಲೆಗಳ ಬಹುತೇಕರಿಗೆ ಬೀಳುವುದಿಲ್ಲ. "ಮಂಗನ ಕಾಯಿಲೆಗೂ ಲಸಿಕೆ ಹಾಕಿದಿರಿ. ಹಾಕಿಸಿಕೊಂಡವರಿಗೂ ಕಾಯಿಲೆ ಬಂತು. ಆಮೇಲೆ ನೀವೇ ನಿಲ್ಲಿಸಿದಿರಿ. ಈಗ ಕೂಸಿಗೆ ಇದೊಂದು." ಸಿದ್ದಾಪುರ, ಹೊನ್ನಾವರ, ಶಿರಸಿಯ ಕಾಡಂಚಿನ ಊರುಗಳಲ್ಲಿ ಇದನ್ನು ಕೇಳುವವರು ಹಠಮಾರಿಗಳಲ್ಲ. ಅವರು ಹೇಳುತ್ತಿರುವುದು ನಿಜ. ಇಂಥ ಕಡೆ "ಲಸಿಕೆಗಳೆಲ್ಲ ಒಳ್ಳೆಯವೇ" ಎಂದು ವಾದಕ್ಕೆ ನಿಂತರೆ ನಿಮ್ಮ ಮಾತಿಗೆ ಅಲ್ಲಿಗೇ ಬೆಲೆ ಹೋಯಿತು. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಆ ಲಸಿಕೆಯ ಎರಡು ಡೋಸುಗಳ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ಎಂದು ಕಂಡಿತ್ತು. ರಕ್ಷಣೆ ಬೇಗ ಇಳಿಯುತ್ತಿದ್ದುದರಿಂದ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾಗುತ್ತಿತ್ತು. ಹಾಕಿಸಿಕೊಳ್ಳುವಾಗಿನ ಉರಿಗೆ ಹೆದರಿ ಎಷ್ಟೋ ಜನ ಅರ್ಧಕ್ಕೇ ಬಿಟ್ಟರು. ಸಾಕಷ್ಟು ಕೆಲಸ ಮಾಡುವುದಿಲ್ಲವೆಂದು ಕಂಡ ಮೇಲೆ ಕೊಡುವುದನ್ನೇ ನಿಲ್ಲಿಸಲಾಯಿತು. ಇದನ್ನು ಮುಚ್ಚಿಡದೆ ಹೇಳಿ. "ಹೌದು ಭಾವ, ಅದು ಸಾಲದಾಗಿತ್ತು, ಅದಕ್ಕೇ ನಿಲ್ಲಿಸಿದರು. ದಡಾರದ ಲಸಿಕೆಯ ಲೆಕ್ಕ ಬೇರೆ. ಒಂಬತ್ತು ತಿಂಗಳಿಗೆ ಹಾಕಿದರೆ ನೂರರಲ್ಲಿ ಸುಮಾರು ಎಂಬತ್ತೈದು ಮಕ್ಕಳಿಗೆ ರಕ್ಷಣೆ ಸಿಗುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಎರಡನೆಯದೂ ಆದರೆ ತೊಂಬತ್ತೈದಕ್ಕಿಂತ ಹೆಚ್ಚು." ಕೆಲಸ ಮಾಡದ ಲಸಿಕೆಯನ್ನು ನಿಲ್ಲಿಸುವವರು ಇದ್ದಾರೆ ಎಂಬುದೇ ಉಳಿದವುಗಳನ್ನು ನಂಬಲು ಒಂದು ಕಾರಣ. ಆದರೆ ಆ ತರ್ಕವನ್ನು ಅವರೇ ಮಾಡಿಕೊಳ್ಳಲಿ, ನೀವು ಮಾಡಿ ಗೆಲ್ಲಲು ಹೋಗಬೇಡಿ.

ಒಂದೇ ಲಸಿಕೆ ಮೂರು ಮೂರು ಸಲ ಏಕೆ ಎಂಬುದಕ್ಕೆ ಅಡಿಕೆ ತೋಟದ ಯಜಮಾನರೊಬ್ಬರು ತಮ್ಮ ಸೊಸೆಗೆ ಕೊಟ್ಟ ಉತ್ತರ ನನ್ನದಕ್ಕಿಂತ ಚೆನ್ನಾಗಿತ್ತು. "ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲು. ಒಂದು ಸಲ ಹೊಡೆದು ಬಿಟ್ಟರೆ ಆಷಾಢದಲ್ಲಿ ಕಾಯಿ ಉದುರುತ್ತದೆ. ಗೊನೆಗೆ ಕೊಳೆ ಬಂದ ಮೇಲೆ ಎಷ್ಟು ಹೊಡೆದರೂ ಅಷ್ಟೇ" ಎಂದರು. ಸೊಸೆ ನಕ್ಕಳು. ಮುಂದಿನ ಡೋಸಿಗೆ ಮಾವನೇ ಕರೆದುಕೊಂಡು ಬಂದರು.

ಶಿರಸಿ, ಕುಮಟಾ, ಕಾರವಾರದ ಪೇಟೆಗಳಲ್ಲಿ ಪ್ರಶ್ನೆ ಬೇರೆ: "ಖಾಸಗಿಯಲ್ಲಿ ನೋವಿಲ್ಲದ ಇಂಜೆಕ್ಷನ್ ಇದೆಯಂತಲ್ಲ?" ಇದೆ. ನಾಯಿಕೆಮ್ಮಿನ ಅಂಶವನ್ನು ಶುದ್ಧೀಕರಿಸಿದ ಆ ಲಸಿಕೆಯಿಂದ ಜ್ವರ, ಊತ ಕಡಿಮೆ, ಚುಚ್ಚುವ ನೋವು ಇದ್ದೇ ಇದೆ. ನಾಯಿಕೆಮ್ಮಿನ ವಿರುದ್ಧ ಅದರ ರಕ್ಷಣೆ ಸರ್ಕಾರಿ ಲಸಿಕೆಯದ್ದಕ್ಕಿಂತ ಬೇಗ ಇಳಿಯುತ್ತದೆ. ಹಣವಿದ್ದವರು ಹಾಕಿಸಿಕೊಂಡರೆ ತಪ್ಪೇನಿಲ್ಲ, ಕಾರ್ಡಿನಲ್ಲಿ ಬರೆಸಿಕೊಂಡು ಬರಲಿ. ಉಚಿತವಾಗಿ ಸಿಗುವುದು ಕೆಳದರ್ಜೆಯದು ಎಂಬ ಅನಿಸಿಕೆಯನ್ನು ಮಾತ್ರ ಉಳಿಯಗೊಡಬೇಡಿ. ಮೊದಲು ಖಾಸಗಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಹಾಕಿಸಬೇಕಾಗಿದ್ದ ಪಿಸಿವಿ 2021ರಿಂದ ದೇಶದಾದ್ಯಂತ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿದೆ.

ದಡಾರ ಎದ್ದಾಗ "ಅಮ್ಮ ಬಂದಿದ್ದಾಳೆ" ಎನ್ನುವ ಮನೆಗಳು ಮಾರಿಕಾಂಬೆಯ ಊರಿನಲ್ಲಿ ಇರದೆ ಇನ್ನೆಲ್ಲಿರುತ್ತವೆ? ಅದನ್ನು ಮೂಢನಂಬಿಕೆ ಎಂದು ಹೀಗಳೆಯುವ ಸಿಬ್ಬಂದಿಯನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೇವಿನ ಸೊಪ್ಪು ಇಟ್ಟವರು ಲಸಿಕೆ ಹಾಕಿಸಬಾರದೆಂದು ಯಾವ ದೇವಿಯೂ ಹೇಳಿಲ್ಲ. ಅಮ್ಮನಿಗೆ ಹರಕೆ ಹೊತ್ತ ಜನರೇ ಸಿಡುಬಿನ ಲಸಿಕೆಯನ್ನೂ ಹಾಕಿಸಿಕೊಂಡರು. 1975ರ ನಂತರ ನಮ್ಮ ದೇಶದಲ್ಲಿ ಸಿಡುಬು ಕಾಣಿಸಿಕೊಂಡಿಲ್ಲ. ದಡಾರದಿಂದ ನ್ಯುಮೋನಿಯಾ ಬರಬಹುದು, ಕಣ್ಣು ಹೋಗಬಹುದು ಎಂಬುದನ್ನು ಹೇಳಿ. ಪೂಜೆಯ ವಿಷಯ ನಮಗೆ ಸಂಬಂಧಿಸಿದ್ದಲ್ಲ.

ಕರಾವಳಿಯ ಮಾತು ಇನ್ನೊಂದು ಬಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಾರವಾರ, ಅಂಕೋಲಾ, ತದಡಿಯ ಕಡೆ ಗಂಡಸರು ಮನೆಯಲ್ಲಿ ಸಿಗುತ್ತಾರೆ. ವರ್ಷದಲ್ಲಿ ತಂದೆಯೊಡನೆ ಕುಳಿತು ಮಾತನಾಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಕೊಂಕಣಿ ಬಲ್ಲವರು ಕೊಂಕಣಿಯಲ್ಲೇ ಮಾತನಾಡಿ. ಭಟ್ಕಳ, ಹೊನ್ನಾವರದ ಕೆಲವು ಮನೆಗಳಲ್ಲಿ ತಂದೆ ಕೊಲ್ಲಿಯಲ್ಲಿರುತ್ತಾನೆ, ತೀರ್ಮಾನ ಫೋನಿನಲ್ಲಿ ಆಗುತ್ತದೆ. ತಾಯಿ "ಅವರನ್ನು ಕೇಳಿ ಹೇಳುತ್ತೇನೆ" ಎಂದರೆ "ಈಗಲೇ ಕರೆ ಮಾಡಿ ಅಕ್ಕ, ನಾನೂ ಮಾತನಾಡುತ್ತೇನೆ" ಎನ್ನಿ. ವಾಟ್ಸ್ಆ್ಯಪಿನ ಸಂದೇಶ ಮೊದಲು ತಲುಪುವುದು ಆ ಫೋನಿಗೇ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ಹರಡಿದ ವದಂತಿಗಳು ನಿಮಗೆ ನೆನಪಿರಬಹುದು. ಬಂದ ಸಂದೇಶವನ್ನು ಸಾಲುಸಾಲಾಗಿ ಖಂಡಿಸಲು ಕೂರಬೇಡಿ. ತಪ್ಪನ್ನು ಮತ್ತೆ ಮತ್ತೆ ಉಚ್ಚರಿಸಿದರೆ ಅದೇ ನೆನಪಿನಲ್ಲಿ ಉಳಿಯುತ್ತದೆ. "ಇದು ಸುಳ್ಳು, ನನ್ನ ಮಗಳಿಗೂ ಇದನ್ನೇ ಹಾಕಿಸಿದ್ದೇನೆ" ಎಂದು ಒಂದೇ ಮಾತಿನಲ್ಲಿ ಮುಗಿಸಿ, ನಿಮ್ಮ ವಿಷಯಕ್ಕೆ ಬನ್ನಿ.

ಕೊನೆಯದಾಗಿ ಶುಕ್ರವಾರ. ಗುರುವಾರ ಲಸಿಕೆ ಹಾಕಿಸಿಕೊಂಡ ಮಕ್ಕಳ ಮನೆಗಳಿಗೆ ಶುಕ್ರವಾರ ಬೆಳಿಗ್ಗೆ ಒಂದು ಕರೆ ಮಾಡಿ. ಫೋನು ಸಿಗದ ಜೋಯಿಡಾ, ಯಲ್ಲಾಪುರದ ಹಾಡಿಗಳಲ್ಲಿ ಹಾಲಿನ ಡೇರಿಗೆ ಬರುವವರ ಹತ್ತಿರವಾದರೂ ಕೇಳಿಸಿ. "ರಾತ್ರಿ ನಿದ್ದೆ ಮಾಡಿತೇ?" ಎಂದಷ್ಟೇ ಕೇಳಿ, ಮುಂದಿನ ದಿನಾಂಕದ ಮಾತು ಎತ್ತಬೇಡಿ. ನಿಮ್ಮ ಮೇಲೆ ಎಷ್ಟು ಕೆಲಸಗಳ ಹೊರೆಯಿದೆ, ಎಷ್ಟು ನಮೂನೆಗಳನ್ನು ತುಂಬಬೇಕು ಎಂಬುದು ನನಗೆ ಗೊತ್ತು. ಆದರೂ ಒಂದು ಕೆಲಸ ಬಿಟ್ಟು ಇದನ್ನು ಮಾಡಿ ಎಂದೇ ಹೇಳುತ್ತೇನೆ.

ಒಬ್ಬರು ಕೇಳಿದರು: ಲಸಿಕೆ ಹಾಕಿದ ಒಂದೆರಡು ದಿನಗಳಲ್ಲಿ ಊರಿನಲ್ಲಿ ಮಗುವೊಂದು ತೀರಿಕೊಂಡರೆ ನಾವೇನು ಹೇಳಬೇಕು?

ಏನೂ ಹೇಳಬೇಡಿ, ಮೊದಲು ಆ ಮನೆಗೆ ಹೋಗಿ. ವೈದ್ಯಾಧಿಕಾರಿಗೆ ತಕ್ಷಣ ತಿಳಿಸಿ, ಜಿಲ್ಲಾ ಮಟ್ಟದ ತನಿಖೆ ಅಲ್ಲಿಂದ ಶುರುವಾಗುತ್ತದೆ. ಹಾಕಿದ ಲಸಿಕೆಯ ಬಾಟಲಿ, ಬ್ಯಾಚ್ ಸಂಖ್ಯೆ ಜೋಪಾನವಾಗಿರಲಿ. ಎಳೆ ಮಕ್ಕಳು ಬೇರೆ ಕಾರಣಗಳಿಂದಲೂ ತೀರಿಕೊಳ್ಳುತ್ತವೆ, ಎಷ್ಟೋ ಸಲ ತನಿಖೆಯಲ್ಲಿ ಹೊರಬರುವುದು ಅದೇ. ಆದರೆ ತನಿಖೆಗೆ ಮೊದಲೇ "ಲಸಿಕೆಯಿಂದ ಅಲ್ಲ" ಎನ್ನುವ ಅಧಿಕಾರ ನಮಗೆ ಯಾರಿಗೂ ಇಲ್ಲ. "ಏನಾಯಿತೆಂದು ನೋಡುತ್ತಿದ್ದಾರೆ, ಗೊತ್ತಾದದ್ದನ್ನು ನಾನೇ ಬಂದು ಹೇಳುತ್ತೇನೆ" ಎನ್ನಿ. ವರದಿ ಬಂದ ದಿನ, ಅದು ಏನೇ ಹೇಳಲಿ, ಖಂಡಿತ ಹೋಗಿ. ಅಂಥ ಮನೆಗಳನ್ನು ಇಲಾಖೆ ಮರೆತುಬಿಡುವುದನ್ನು ನಾನು ಕಂಡಿದ್ದೇನೆ.

ಇನ್ನೊಬ್ಬರು: ಮಳೆಗೆ ಸಂಕ ಕೊಚ್ಚಿಹೋಗಿ ಎರಡು ತಿಂಗಳು ಬರಲಾಗದವರಿಗೆ ಮೊದಲಿನಿಂದ ಶುರು ಮಾಡಬೇಕೇ?

ಬೇಡ. ಆದದ್ದು ಆಯಿತು, ಬಿಟ್ಟಲ್ಲಿಂದ ಮುಂದುವರಿಸಿ. ಪೆಂಟಾವೇಲೆಂಟ್, ರೋಟಾವೈರಸ್ ಲಸಿಕೆಗಳ ಮೊದಲ ಡೋಸ್ ಮಾತ್ರ ವರ್ಷ ತುಂಬುವುದರೊಳಗೆ ಆಗಿರಬೇಕು. ಶೀತ, ಕೆಮ್ಮು, ಸಣ್ಣ ಭೇದಿ ಇದ್ದರೂ ಹಾಕಬಹುದು, ಅದಕ್ಕಾಗಿ ವಾಪಸು ಕಳುಹಿಸಬೇಡಿ. ತಡವಾಗಿ ಬಂದ ತಾಯಿಗೆ ಎಲ್ಲರ ಎದುರು "ಇಷ್ಟು ದಿನ ಎಲ್ಲಿಗೆ ಹೋಗಿದ್ದೆ?" ಎಂದು ಗದರಿಸುವುದನ್ನು ಬಿಟ್ಟರೆ ಸಾಕು, ಅಂಥವರು ಮತ್ತೆ ಬರುತ್ತಾರೆ. ಮತ್ತೆ, ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ, ಸಂಕದಾಚೆಯ ಮನೆಗಳ ಪಟ್ಟಿಯನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ.